ನನ್ನ ಗದ್ದದ ಕೂದಲು, ಅಮ್ಮನ ಮುಡಿ

ನನ್ನ ಕೈಯಲ್ಲಿ ಡಿಗ್ರಿ ಆಗುವುದಿಲ್ಲ ಎಂದು ಹೇಳಿದವರು ಜಯಮ್ಮತ್ತೆ. ಅಪ್ಪನ ಅಕ್ಕ. ನಮ್ಮ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಆಳುಗಳ ಎದುರಿಗೇ ಹೇಳಿದರು.

"ಇವ್ಳು ಡಿಗ್ರಿ ಮುಗಿಸ್ದಂಗೇ ಬಿಡ್ರೋ. ಮಖಕ್ಕೆ ಬಟ್ಟೆ ಕಟ್ಕಂಡು ಮೂಲೇಲಿ ಕೂತಿರೋಳು ಕಾಲೇಜಿಗೆ ಹೆಂಗ್ ಹೋಗ್ತಾಳೆ?"

ಆಳುಗಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಒಳಗೆ ಮೂಲೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೂತಿದ್ದವಳು ನಾನೇ.

ಸಿಂಗಟಗೆರೆ ಕಡೆಯ ಹಳ್ಳಿ ನಮ್ಮದು. ಅಪ್ಪನ ಕಡೆಯಾಗಲಿ ಅಮ್ಮನ ಕಡೆಯಾಗಲಿ ಪದವಿ ತರಗತಿಯ ಬೆಂಚಿನ ಮೇಲೆ ಕೂತವರು ನನಗಿಂತ ಮೊದಲು ಯಾರೂ ಇಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ, ಬೇಜಾರಾಗುವವರು ಆಗಲಿ. ಕಡೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಿಎಸ್ಸಿ ಓದುತ್ತಿದ್ದೆ. ವಿಷಯ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ. ಓದು ನನಗೆ ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಮುಖ.

ಅದು ಯಾವಾಗ ಶುರುವಾಯಿತು ಎಂದು ಡಾಕ್ಟರುಗಳು ಕೇಳುತ್ತಿದ್ದರು. ಇವತ್ತಿಗೂ ನನಗೆ ಗೊತ್ತಿಲ್ಲ. ಮೇಲ್ದುಟಿಯ ಮೇಲೆ ಸಣ್ಣ ನೆರಳು ಪಿಯುಸಿಯಲ್ಲೇ ಇತ್ತು, ಅದು ಬಹಳ ಹುಡುಗಿಯರಿಗಿರುತ್ತದೆ. ಆಮೇಲೆ ಮಾಸ್ಕಿನ ಕಾಲ ಬಂತು. ಎಲ್ಲರ ಹಾಗೆ ನಾನೂ ಹಾಕಿಕೊಂಡೆ. ಎಲ್ಲರೂ ತೆಗೆದ ಮೇಲೆ ನಾನೂ ಒಂದು ದಿನ ತೆಗೆದು ಕನ್ನಡಿ ನೋಡಿಕೊಂಡರೆ ಗದ್ದದ ಕೆಳಗೆ ಒರಟು ಕಪ್ಪು ಕೂದಲು. ಎಳೆದರೆ ನೋಯುತ್ತಿತ್ತು, ಅಂದರೆ ನನ್ನದೇ. ಮಾಸ್ಕನ್ನು ಮತ್ತೆ ಹಾಕಿಕೊಂಡೆ. ಗೆಳತಿಯರಿಗೆ ಧೂಳಿನ ಅಲರ್ಜಿ ಎಂದೆ. ಹಾಗೆ ಹೇಳಿ ಹೇಳಿ, ಧೂಳು ಕಂಡರೆ ನಿಜವಾಗಿಯೂ ಸೀನು ಬರತೊಡಗಿತು.

ಒಂದು ದಿನ ಬಸ್ಸಿನಲ್ಲಿ ಸೆಕೆಗೆ ತಡೆಯಲಾರದೆ ಮಾಸ್ಕನ್ನು ಗದ್ದಕ್ಕಿಳಿಸಿದ್ದೆ. ಹಿಂದಿನ ಸೀಟಿನಿಂದ ಒಬ್ಬ ಹುಡುಗ, "ಗೌಡ್ರೇ, ಸ್ವಲ್ಪ ಆ ಕಡೀಕ್ ಸರ್ಕಳಿ, ನಮ್ಗೂ ಜಾಗ ಕೊಡಿ" ಎಂದ. ಬಸ್ಸಿನಲ್ಲಿ ನಿಜವಾದ ಗೌಡರೊಬ್ಬರಿದ್ದರು, ಅವರು ಪಾಪ ಸರಿದು ಕೂತರು. ಅದಕ್ಕೆ ಹುಡುಗರು ಇನ್ನೂ ಜೋರಾಗಿ ನಕ್ಕರು. ನನಗೇ ಹೇಳಿದ್ದೋ, ಅವರಿಗೆ ಹೇಳಿದ್ದೋ ಎಂದು ಕಡೂರು ಮುಟ್ಟುವವರೆಗೂ ಯೋಚನೆ ಮಾಡಿದೆ. ಅವರಿಗೇ ಇರಬೇಕು ಎಂದು ತೀರ್ಮಾನ ಮಾಡಿದೆ. ಮಾರನೇ ದಿನ ಬೇರೆ ಬಸ್ಸು ಹಿಡಿದೆ.

ಅಮ್ಮ ಮೊದಲು ಕಸ್ತೂರಿ ಅರಿಶಿನ ಹಚ್ಚಿದಳು. ಕಡಲೆಹಿಟ್ಟು ಹಚ್ಚಿದಳು. ಹಚ್ಚಿ ಒಣಗಿಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಿದ್ದಳು. ನನ್ನ ಮುಖ ಹಳದಿಯಾಯಿತು. ಕೂದಲು ಕಪ್ಪಾಗಿಯೇ ಇತ್ತು, ಹಳದಿಯ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಆಮೇಲೆ ಅಪ್ಪ ಕಡೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ನನ್ನನ್ನು ಒಂದು ಕ್ಷಣ ನೋಡಿ, ಅಪ್ಪನ ಜೊತೆ ಮಾತಾಡಿದರು. "ಏನೂ ಇಲ್ಲ ಯಜಮಾನ್ರೇ, ಮದುವೆ ಮಾಡ್ಬಿಡಿ. ಎಲ್ಲಾ ಸರಿಹೋಗುತ್ತೆ." ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೇಳಿದ.

"ಅಲ್ಲಮ್ಮಾ, ಮೀಸೆ ಹೋಗ್ಬೇಕಂದ್ರೆ ಮದ್ವೆ ಆಗ್ಬೇಕಂತೆ. ಮೀಸೆ ಇಟ್ಕಂಡಿರೋ ಹುಡ್ಗೀನ ಮದ್ವೆ ಆಗೋನು ಯಾರು? ಮೊದ್ಲು ಯಾವ್ದು ಮಾಡ್ಬೇಕು, ನಂಗ್ ಗೊತ್ತಾಗ್ತಿಲ್ಲ."

ನಗು ಬಂತು, ಅಳುವೂ ಬಂತು. ಅಪ್ಪ ತಮಾಷೆ ಮಾಡಿರಲಿಲ್ಲ. ಅವನಿಗೆ ನಿಜವಾಗಿ ಗೊತ್ತಾಗಿರಲಿಲ್ಲ.

ಜಯಮ್ಮತ್ತೆ ತಂದದ್ದು ಕರಟದ ಎಣ್ಣೆ. ನಮ್ಮ ಕಡೆ ತೆಂಗಿನ ಕರಟ ಸುಟ್ಟು ಎಣ್ಣೆ ಇಳಿಸುತ್ತಾರೆ, ಹುಳುಕಡ್ಡಿಗೆ ಹಚ್ಚುವುದಕ್ಕೆ. ಟಾರಿನ ಹಾಗಿರುತ್ತದೆ. ಹುಳುಕಡ್ಡಿಯನ್ನೇ ಸುಡುವ ಎಣ್ಣೆ ಕೂದಲನ್ನು ಬಿಟ್ಟೀತೇ ಎಂಬುದು ಅವರ ಲೆಕ್ಕ. ಬಿಎಸ್ಸಿ ಓದುತ್ತಿದ್ದ ನಾನು ಆ ಲೆಕ್ಕವನ್ನು ಒಪ್ಪಿಕೊಂಡೆ. ಇದು ನೆನಪಿರಲಿ, ನಾನು ಹಾರ್ಮೋನುಗಳ ಬಗ್ಗೆ ಪುಟಗಟ್ಟಲೆ ಉತ್ತರ ಬರೆದು ಅಂಕ ತಗೊಂಡವಳು. ಆ ಹಾರ್ಮೋನು ಪುಸ್ತಕದಲ್ಲಿರುವುದು, ನನ್ನ ಗದ್ದದಲ್ಲಿರುವುದು ಬೇರೇನೋ ಎಂದುಕೊಂಡಿದ್ದೆ. ಎಣ್ಣೆ ಹಚ್ಚಿದ ಕಡೆ ಚರ್ಮ ಸುಟ್ಟು ಬೊಕ್ಕೆ ಎದ್ದಿತು. ಬೊಕ್ಕೆ ಒಡೆದು ಕರೆ ಉಳಿಯಿತು. ಆ ಕರೆಯ ಮಧ್ಯದಿಂದ ಕೂದಲು ಏನೂ ಆಗದ ಹಾಗೆ ಮತ್ತೆ ಬಂತು.

ಕಾಲೇಜು ಬಿಟ್ಟದ್ದು ಆವಾಗ. ಬಿಟ್ಟೆ ಎಂದು ಯಾರಿಗೂ ಹೇಳಲಿಲ್ಲ. ಇವತ್ತು ಬೇಡ, ನಾಳೆ ಹೋಗೋಣ ಎಂದುಕೊಂಡು ಕೂತೆ. ಕೊನೆಯ ವರ್ಷ ಅದು. ಪ್ರಾಣಿಶಾಸ್ತ್ರದ ವಿಮಲಾ ಮೇಡಂ ಫೋನು ಮಾಡಿದರು.

"ಏನಮ್ಮಾ ಸವಿತಾ, ಹಾಜರಾತಿ ಸಾಲಲ್ಲ ಹಿಂಗಾದ್ರೆ. ಈಗ್ಲಿಂದ ಒಂದ್ ದಿನಾನೂ ತಪ್ಪಿಸ್ದೆ ಬಂದ್ರೆ ಪರೀಕ್ಷೆಗೆ ಕೂರಬಹುದು. ಇಲ್ದಿದ್ರೆ ನನ್ ಕೈಲೂ ಏನೂ ಆಗಲ್ಲ."

ಫೋನಿನ ಸ್ಪೀಕರು ಆನ್ ಇತ್ತು. ಮನೆಮಂದಿಯೆಲ್ಲ ಕೇಳಿಸಿಕೊಂಡರು. ಜಯಮ್ಮತ್ತೆ ಅಂಗಳದಲ್ಲಿ ಆ ಮಾತು ಹೇಳಿದ್ದು ಅದಾದ ಮೇಲೆಯೇ. ಹೇಳಿ ಸುಮ್ಮನಾಗಲಿಲ್ಲ. ಒಳಗೆ ಬಂದು ಅಮ್ಮನ ಎದುರು ಕೂತು, ಈ ಕೂದಲು ಯಾಕೆ ಬಂತೆಂದು ತಮಗೆ ಗೊತ್ತು ಎಂದರು.

ನಮ್ಮಲ್ಲಿ ಮಕ್ಕಳ ಮೊದಲ ಮುಡಿಯನ್ನು ಮನೆದೇವರಿಗೆ ಕೊಡಬೇಕು. ಲಿಂಗದಹಳ್ಳಿ ಆಚೆ ಗುಡ್ಡದ ಮೇಲಿದ್ದಾನೆ ನಮ್ಮ ದೇವರು. ನನಗೆ ಚಿಕ್ಕಂದಿನಲ್ಲಿ ತಲೆತುಂಬ ಕಜ್ಜಿಯಾಗಿ ಕೀವು ಕಟ್ಟಿ, ಗುಡ್ಡದವರೆಗೆ ಹೋಗಲಾರದೆ, ಅಪ್ಪ ಕಡೂರಿನ ಒಂದು ಸಲೂನಿನಲ್ಲಿ ಬೋಳಿಸಿದ್ದ.

"ದೇವ್ರಿಗೆ ಸೇರ್ಬೇಕಾದ್ ಕೂದ್ಲು ಸಲೂನಿನ ಕಸದ ಬುಟ್ಟಿಗೆ ಹೋಯ್ತು. ಈಗ ಅವ್ನು ಮಖದ ಮೇಲ್ ಬಂದು ಕೇಳ್ತವ್ನೆ. ತಲೆ ಕೊಡ್ಸು, ಗದ್ದದ್ದು ತಾನಾಗೇ ಉದುರ್ತೈತೆ. ಅಲ್ಲೀಗಂಟ ಕಾಲೇಜು ಗೀಲೇಜು ಬ್ಯಾಡ."

ಅಮ್ಮ ಗುಡ್ಡದ ದಿಕ್ಕಿಗೆ ಕೈಮುಗಿದಳು. ಅಪ್ಪ, "ಇದ್ರೂ ಇರ್ಬೌದು" ಎಂದ. ನನಗೇನನ್ನಿಸಿತು ಎಂದು ಪ್ರಾಮಾಣಿಕವಾಗಿ ಬರೆಯಬೇಕೆಂದರೆ, ಇದ್ದರೂ ಇರಬಹುದು ಎಂದೇ ಅನ್ನಿಸಿತು. ಅರಿಶಿನ ಸೋತಿತ್ತು, ಡಾಕ್ಟರು ಮದುವೆ ಎಂದಿದ್ದರು, ಎಣ್ಣೆ ಸುಟ್ಟಿತ್ತು. ದೇವರೊಬ್ಬ ಬಾಕಿ ಇದ್ದ. ಆದರೆ ತಲೆ ಬೋಳು, ಗದ್ದದಲ್ಲಿ ಗಡ್ಡ, ಹೀಗೆ ತರಗತಿಯ ಬಾಗಿಲಲ್ಲಿ ನಿಂತು "ಒಳಗೆ ಬರಲಾ ಮೇಡಂ" ಎಂದು ಕೇಳುವುದನ್ನು ಕಲ್ಪಿಸಿಕೊಂಡೆ. ಅಮ್ಮನಿಗೆ ಒಂದೇ ಮಾತು ಹೇಳಿದೆ: "ತಲೆ ಕೊಟ್ರೆ ನಾನು ಕಾಲೇಜಿಗೆ ಹೋಗಲ್ಲ. ಕಾಲೇಜಿಗೆ ಹೋಗ್ದಿದ್ರೆ ಇಷ್ಟು ವರ್ಷ ಓದಿದ್ದೆಲ್ಲಾ ಹೋಯ್ತು."

ಎರಡು ದಿನ ಬಿಟ್ಟು ಅಮ್ಮ, ಬರೀ ಕಾಯಿ ಒಡೆಸಿಕೊಂಡು ಬರೋಣ ಎಂದು ನನ್ನನ್ನು ಹೊರಡಿಸಿದಳು. ಬಸ್ಸು ಬದಲಿಸಿ ಬದಲಿಸಿ ಗುಡ್ಡದ ಬುಡಕ್ಕೆ ಬಂದೆವು. ಮೆಟ್ಟಿಲ ಪಕ್ಕದ ಕಲ್ಲುಕಟ್ಟೆಯ ಮೇಲೆ ಮುಡಿ ತೆಗೆಯುವವರು ಒಬ್ಬರು ಕೂತಿದ್ದರು. ಅಮ್ಮ ಅವರ ಎದುರು ಹೋಗಿ ನಿಂತಳು. ನನ್ನನ್ನು ಮೋಸ ಮಾಡಿ ಕರೆತಂದಳು ಎಂದುಕೊಂಡೆ. ಬಸ್ ಸ್ಟಾಪಿಗೆ ಓಡಲು ಯಾವ ಕಡೆ ದಾರಿ ಎಂದು ನೋಡಿಕೊಂಡೆ.

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಾನೇ ಕುಕ್ಕರುಗಾಲಿನಲ್ಲಿ ಕೂತು, ತುರುಬು ಬಿಚ್ಚಿದಳು.

"ತಾಯಿ, ಮುತ್ತೈದೇರಿಗೆ ಮೂರು ಕತ್ರಿ ಸಾಕು. ತುದಿ ತೆಗೀತೀನಿ" ಎಂದರು ಅವರು.

"ತುದಿ ಕೊಟ್ರೆ ಅವ್ಳ ಗದ್ದದ್ದೂ ತುದಿ ಮಾತ್ರ ಹೋಗ್ತೈತೆ. ಪೂರ್ತಿ ತೆಗೀರಿ."

"ನಿಮ್ಮೆಜಮಾನ್ರು ಕೇಳಿದ್ರೆ?"

"ಅವ್ರೇನ್ ಕೇಳ್ತಾರೆ, ಅವ್ರೇ ಸಲೂನಿಗ್ ಕರ್ಕಂಡೋಗಿದ್ದು!"

ಬೇಡ ಕಣಮ್ಮ, ಏಳು ಎಂದು ನಾನು ಅವಳ ರೆಟ್ಟೆ ಹಿಡಿದೆ. ಅವಳು ಬಗ್ಗಿಸಿದ ತಲೆ ಎತ್ತಲಿಲ್ಲ. "ಸುಮ್ಕಿರು. ದೇವ್ರಿಗೆ ಕೂದ್ಲು ಬೇಕು ತಾನೇ? ಯಾರ್ದಾದ್ರೇನು. ನೀನು ನಾಳೆಯಿಂದ ಕಾಲೇಜಿಗೋಗು." ತಲೆಗೆ ನೀರು ಚಿಮುಕಿಸಿದರು. ಅಮ್ಮನ ಕೂದಲು ಮಂಡಿಯ ಹತ್ತಿರ ಬರುವಷ್ಟು ಉದ್ದ, ಕಪ್ಪು. ನನ್ನ ಕಣ್ಣೆದುರೇ ಅವಳ ತಲೆ ಚಿಕ್ಕದಾಯಿತು. ಎದ್ದು ನಿಂತು, ತಲೆ ಮುಟ್ಟಿ ನೋಡಿಕೊಂಡು, "ತಣ್ಣಗೈತೆ ಕಣೇ" ಎಂದಳು.

ನಾನು ಇದನ್ನು ದೊಡ್ಡ ತ್ಯಾಗ ಎಂದು ಬರೆದು ಮುಗಿಸಬಹುದಿತ್ತು. ಆದರೆ ಆ ಹೊತ್ತಿನಲ್ಲಿ ನನಗೆ ಸಿಟ್ಟು ಬಂದಿತ್ತು. ಯಾಕೆ ಬಂದಿತ್ತು ಎಂದು ಇನ್ನೂ ಸರಿಯಾಗಿ ತಿಳಿದಿಲ್ಲ. ಈಗ ನನ್ನ ಜೊತೆ ಅವಳನ್ನೂ ಜನ ನೋಡುತ್ತಾರಲ್ಲ ಎಂದಿರಬೇಕು. ನಾನು ಇನ್ನು ಯಾವ ಕಾರಣಕ್ಕೂ ತರಗತಿ ತಪ್ಪಿಸುವ ಹಾಗಿಲ್ಲವಲ್ಲ ಎಂದೂ ಇರಬೇಕು.

ಮನೆಯಲ್ಲಿ ಅಪ್ಪ ಅವಳನ್ನು ನೋಡಿ ಕೈಯಲ್ಲಿದ್ದ ಚೊಂಬು ಬಿಟ್ಟ. "ನಾನಿನ್ನೂ ಗಟ್ಟಿಯಾಗಿದೀನಲ್ಲೇ! ಊರಲ್ಲಿ ಏನಂತಾರೆ?"

"ಕೂದ್ಲು ನಂದು, ಮಗ್ಳು ನಂದು. ಇದ್ರಲ್ಲಿ ನಿಮ್ದೇನೈತೆ?"

ಜಯಮ್ಮತ್ತೆ, ಬದಲಿ ಮುಡಿ ದೇವರಿಗೆ ಸಲ್ಲುವುದಿಲ್ಲ ಎಂದರು. ಅಮ್ಮ, "ಅವ್ನೇ ಬಂದು ಹೇಳ್ಲಿ ಬಿಡಿ" ಎಂದಳು. ಅದುವರೆಗೆ ಅಮ್ಮ ಜಯಮ್ಮತ್ತೆಗೆ ಎದುರುತ್ತರ ಕೊಟ್ಟದ್ದನ್ನು ನಾನು ನೋಡಿರಲಿಲ್ಲ.

ಮಾರನೇ ದಿನ ಕಾಲೇಜಿಗೆ ಹೋದೆ. ಮಾಸ್ಕ್ ಹಾಕಿಕೊಂಡೇ ಹೋದೆ, ಆದರೆ ಹೋದೆ. ವಿಮಲಾ ಮೇಡಂ ಸ್ಟಾಫ್ ರೂಮಿಗೆ ಕರೆದು ಬಾಗಿಲು ಮುಂದೆ ಮಾಡಿ, ಮಾಸ್ಕ್ ತೆಗೆಯಲು ಹೇಳಿದರು. ನೋಡಿದರು. ಸುಟ್ಟ ಕರೆಯನ್ನು ನೋಡಿ ಮುಖ ಕಿವಿಚಿದರು. "ಯಾರೇ ಇದನ್ ಹಚ್ಚಿದ್ದು? ತರೀಕೆರೇಲಿ ಒಬ್ರು ಲೇಡಿ ಡಾಕ್ಟರ್ ಇದಾರೆ. ಭಾನುವಾರಾನೂ ನೋಡ್ತಾರೆ, ತರಗತಿ ತಪ್ಪಿಸೋ ಹಂಗಿಲ್ಲ ನೀನು" ಎಂದರು.

ತರೀಕೆರೆಯ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರನ್ನು ನೀವು ನೋಡಬೇಕಿತ್ತು. ತಲೆ ಮೇಲೆ ಬಿಗಿಯಾಗಿ ಸೆರಗು ಹೊದ್ದ ಅಮ್ಮ. ಸೆರಗು ಜಾರಿದಾಗಲೆಲ್ಲ ಬೋಳುತಲೆ ಕಾಣುತ್ತಿತ್ತು. ಪಕ್ಕದಲ್ಲಿ ಮಾಸ್ಕ್ ಹಾಕಿದ ನಾನು. ನಾವು ಬಂದ ಕೂಡಲೇ ಒಬ್ಬರು ಎದ್ದು ಅಮ್ಮನಿಗೆ ಫ್ಯಾನಿನ ಕೆಳಗೆ ಜಾಗ ಬಿಟ್ಟರು. ಒಬ್ಬ ಅಜ್ಜಿ ಅಮ್ಮನ ಕೈ ಹಿಡಿದು, "ಧೈರ್ಯ ತಗಾ ತಾಯಿ, ನಮ್ ಸಂಬಂಧಿಕ್ರಿಗೂ ಆಗಿತ್ತು, ಈಗ ಹೊಲಕ್ಕೋಗ್ತವ್ರೆ" ಎಂದಳು. ಅಮ್ಮನಿಗೆ ಕ್ಯಾನ್ಸರ್ ಎಂದು ಅವರೆಲ್ಲ ತಿಳಿದುಕೊಂಡಿದ್ದಾರೆ ಎಂಬುದು ನನಗೆ ಆಗ ಹೊಳೆಯಿತು. ಅಮ್ಮನಿಗೆ ಹೊಳೆಯಲಿಲ್ಲ. "ಆಯ್ತು ಕಣವ್ವಾ" ಎಂದು ಅಜ್ಜಿ ಕೊಟ್ಟ ಕಿತ್ತಳೆ ಬಿಡಿಸಿ ನನಗರ್ಧ ಕೊಟ್ಟಳು.

ನರ್ಸ್ ಬಂದು ಅಮ್ಮನ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. "ನಂಗಲ್ಲ, ಇವಳ್ಗೆ" ಎಂದಳು ಅಮ್ಮ. ನರ್ಸ್ ನನ್ನನ್ನು ನೋಡಿ, "ಇವ್ರಿಗೇನು?" ಎಂದಳು. ಇಡೀ ಬೆಂಚು ನನ್ನ ಕಡೆ ತಿರುಗಿತು. ನಾನು ಮಾಸ್ಕನ್ನು ಇನ್ನಷ್ಟು ಮೇಲೆಳೆದುಕೊಂಡೆ.

ಡಾಕ್ಟರು ಮೊದಲು ಕೇಳಿದ್ದು ಮುಖದ ಬಗ್ಗೆ ಅಲ್ಲ, ಮುಟ್ಟಿನ ಬಗ್ಗೆ. ತಿಂಗಳು ತಿಂಗಳು ಸರಿಯಾಗಿ ಆಗುತ್ತಾ ಎಂದರು. ಆಗುತ್ತಿರಲಿಲ್ಲ. ಅದಕ್ಕೂ ಗದ್ದಕ್ಕೂ ನಂಟಿರಬಹುದೆಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಮುಟ್ಟು ತಪ್ಪಿದಾಗ ಅಡುಗೆಮನೆಗೆ ಹೋಗಲು ಅಡ್ಡಿಯಿಲ್ಲ ಎಂದು ನಾನು ಖುಷಿಯೇ ಪಟ್ಟಿದ್ದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಬರೆದುಕೊಟ್ಟರು.

ಸ್ಕ್ಯಾನಿಂಗ್ ಕೋಣೆಯ ಹೊರಗಿದ್ದವರೆಲ್ಲ ಬಸುರಿಯರು. ಹೊಟ್ಟೆ ತುಂಬ ನೀರು ಕುಡಿದು ತಡೆದುಕೊಂಡು ಕೂತಿದ್ದೆ. ಪಕ್ಕದವಳು ಸಲಿಗೆಯಿಂದ, "ಎಷ್ಟ್ ತಿಂಗ್ಳು ಅಕ್ಕಾ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಗಟ್ಟಿಯಾಗಿ, "ಅಯ್ಯೋ, ನಮ್ ಹುಡ್ಗೀಗೆ ಮದ್ವೇನೇ ಆಗಿಲ್ಲ ಕಣಮ್ಮಾ!" ಎಂದಳು.

ಬಸುರಿಯರೆಲ್ಲ ನನ್ನ ಹೊಟ್ಟೆ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ, ನಕ್ಕರೆ ನೀರು ತಡೆಯಲಾಗುವುದಿಲ್ಲ. ಅಮ್ಮ ತಾನು ಹೇಳಿದ್ದು ಏನಾಯಿತೆಂದು ತಿಳಿದು ಸರಿಮಾಡಲು ಹೋದಳು. "ಹಂಗಲ್ಲ, ಇವ್ಳಿಗೆ ಗಡ್ಡ ಬತ್ತೈತೆ, ಅದ್ಕೆ." ನೆಲ ಬಾಯಿ ಬಿಡಲಿಲ್ಲ. ಆದರೆ ಆ ಬಸುರಿ ಹುಡುಗಿ ತನ್ನ ಗದ್ದವನ್ನು ಎತ್ತಿ ಬೆಳಕಿಗೆ ಹಿಡಿದಳು. "ನೋಡಕ್ಕ, ನಂಗೂ ಐತೆ. ಶೇವ್ ಮಾಡ್ಕಂತೀನಿ, ನಮ್ಮನೆಯೋರದೇ ರೇಜರ್ನಲ್ಲಿ. ಅವ್ರಿಗೆ ಗೊತ್ತಿಲ್ಲ, ಬ್ಲೇಡು ಬೇಗ ಮೊಂಡಾಗ್ತವೆ ಅಂತ ಬೈಕಂತಿರ್ತಾರೆ." ನಾವಿಬ್ಬರೂ ನಕ್ಕೆವು. ಈ ವಿಷಯಕ್ಕೆ ನಾನು ಇನ್ನೊಬ್ಬರ ಜೊತೆ ಕೂತು ನಕ್ಕದ್ದು ಅದೇ ಮೊದಲು.

ಪಿಸಿಓಡಿ, ಅಂಡಾಶಯದ ಹಾರ್ಮೋನಿನ ಏರುಪೇರು ಎಂದರು ಡಾಕ್ಟರು. ಬಹಳ ಹೆಣ್ಣುಮಕ್ಕಳಿಗೆ ಇರುತ್ತದೆ, ನಿನ್ನದೇನೂ ತಪ್ಪಿಲ್ಲ ಎಂದರು. ಅಮ್ಮ ಕೇಳಿದಳು: "ಇದು ಬಂದ್ ಹೋಗೋದಾ ಮೇಡಂ, ಇರೋದಾ?"

"ಇರುತ್ತಮ್ಮ. ಆದ್ರೆ ಹದ್ದುಬಸ್ತಿನಲ್ಲಿ ಇಟ್ಕೋಬಹುದು."

ಹೊಲದ ಹದ್ದು, ಗಡಿ ಗೊತ್ತಿದ್ದ ಅಮ್ಮನಿಗೆ ಅದು ಅರ್ಥವಾಯಿತು, ತಲೆಯಾಡಿಸಿದಳು. ಬಿಎಸ್ಸಿಯ ನನಗೆ ಅರ್ಥವಾಗಲಿಲ್ಲ. ಇರುವುದಾದರೆ ಮಾತ್ರೆ ಯಾಕೆ, ಮಾತ್ರೆ ಇದ್ದರೆ ಇರುವುದೇಕೆ? ಮಾತ್ರೆ ಕೆಲಸ ಮಾಡಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ದಾರದಲ್ಲಿ ಕೂದಲು ತೆಗೆಸಿಕೋ, ದಿನಾ ನಡಿ ಎಂದರು. ಅಮ್ಮನ ತಲೆ ನೋಡಿ, "ನಿಮಗೇನಾಯ್ತು?" ಎಂದೂ ಕೇಳಿದರು. ಅಮ್ಮ ನಾಚಿಕೊಂಡು, "ಇವಳ್ದೇ ಕಾಯಿಲೆ ಮೇಡಂ" ಎಂದಳು.

ದಾರದಲ್ಲಿ ತೆಗೆಸಲು ಕಡೂರಿನ ಪಾರ್ಲರಿಗೆ ಹೋಗುವ ಧೈರ್ಯವಾಗಲಿಲ್ಲ. ಅಜ್ಜಂಪುರದಲ್ಲಿ ಚಿಕ್ಕಮ್ಮನ ಮನೆಯಿದೆ, ಅವರನ್ನು ಬಿಟ್ಟರೆ ಅಲ್ಲಿ ನನ್ನ ಗುರುತಿನವರಿಲ್ಲ ಎಂದು ಅಷ್ಟು ದೂರ ಹೋದೆ. ಪಾರ್ಲರಿನ ಕುರ್ಚಿಯಲ್ಲಿ ಕತ್ತು ಹಿಂದೆ ಚಾಚಿ, ಕಣ್ಣಲ್ಲಿ ನೀರು ಸುರಿಸುತ್ತ ಕೂತವಳನ್ನು ನೋಡಿದರೆ ನಮ್ಮ ಕಾಲೇಜಿನದೇ ಜೂನಿಯರ್, ಹಿರೇನಲ್ಲೂರಿನ ಹುಡುಗಿ. ಅವಳೂ ಗುರುತಿನವರು ಸಿಗಬಾರದೆಂದು ಅಲ್ಲಿಗೆ ಬಂದಿದ್ದಳು.

"ಹುಬ್ಬಿಗ್ ಬಂದಿದ್ದೆ ಅಕ್ಕ" ಎಂದಳು.

"ನಾನೂ ಹುಬ್ಬಿಗೇ" ಎಂದೆ.

ದಾರ ಅವಳ ಗದ್ದದ ಮೇಲೆ ಓಡುತ್ತಲೇ ಇತ್ತು. ಆಮೇಲೆ ಇಬ್ಬರೂ ಒಂದೇ ಬಸ್ಸಿನಲ್ಲಿ ವಾಪಸು ಬಂದೆವು, ಗದ್ದ ಕೆಂಪಗೆ ಮಾಡಿಕೊಂಡು.

ಪರೀಕ್ಷೆ ಬಂತು. ಹಾಜರಾತಿ ಸಾಕಾಗಿತ್ತು, ಅಷ್ಟು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಪರೀಕ್ಷೆಗಳ ನಡುವೆ ಅಜ್ಜಂಪುರಕ್ಕೆ ಹೋಗಲಾಗದೆ ಕೂದಲು ಮಾತ್ರ ಚುಚ್ಚುವಷ್ಟು ಬೆಳೆದಿತ್ತು. ರಸಾಯನಶಾಸ್ತ್ರದ ದಿನ ಬೇರೆ ಕಾಲೇಜಿನಿಂದ ಬಂದ ಮೇಲ್ವಿಚಾರಕರು ನನ್ನ ಬೆಂಚಿನ ಹತ್ತಿರ ನಿಂತರು.

"ಮಾಸ್ಕ್ ತೆಗೀಮ್ಮ, ಫೋಟೋ ನೋಡ್ಬೇಕು."

ಅಲರ್ಜಿ ಎನ್ನಲು ಬಾಯಿ ತೆರೆದೆ. ಎದ್ದು ಹೊರಗೆ ಹೋಗಿಬಿಡಬೇಕು ಎಂದೂ ಅನ್ನಿಸಿತು. ಕಾಲು ಬೆಂಚಿನಿಂದ ಹೊರಕ್ಕೆ ತಿರುಗಿತ್ತು ಕೂಡ. ಹೋದರೆ ಡಿಗ್ರಿ ಅಲ್ಲಿಗೇ ಮುಗಿಯಿತು. ಗುಡ್ಡದ ಕೆಳಗೆ ಕೂದಲು ಬಿಚ್ಚಿ ಕೂತವಳಿಗೆ ಏನು ಹೇಳಲಿ? ಮಾಸ್ಕ್ ತೆಗೆದೆ. ಕಿವಿಯಿಂದ ಪೂರ್ತಿ ಬಿಡಿಸಿ ಬೆಂಚಿನ ಮೇಲಿಟ್ಟೆ. ಅವರು ಫೋಟೋ ನೋಡಿದರು, ಮುಖ ನೋಡಿದರು, "ಹೂಂ" ಎಂದು ಮುಂದಿನ ಬೆಂಚಿಗೆ ಹೋದರು.

ಅಷ್ಟೇ. ಪಕ್ಕದ ಸಾಲಿನ ಹುಡುಗ ಒಮ್ಮೆ ನೋಡಿ ತನ್ನ ಉತ್ತರಕ್ಕೆ ಹಿಂದಿರುಗಿದ. ಅಷ್ಟೇನಾ ಎಂದು ನನಗೆ ದಿಕ್ಕು ತಪ್ಪಿದಂತಾಯಿತು. ಇಷ್ಟು ವರ್ಷ ನಾನು ಹೆದರಿದ್ದು ಯಾರಿಗೆ? ಬರೆಯುತ್ತಿದ್ದ ಸಮೀಕರಣ ಅರ್ಧಕ್ಕೆ ಮರೆತುಹೋಗಿ, ಮತ್ತೆ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಾಸ್ಕನ್ನು ಮತ್ತೆ ಹಾಕಿಕೊಳ್ಳಲಿಲ್ಲ.

ಈಗ ಕೂದಲು ಕಡಿಮೆಯಾಗಿದೆ, ಹೋಗಿಲ್ಲ. ಮುಟ್ಟು ಸುಮಾರಾಗಿ ಸರಿಯಿದೆ. ಅಪ್ಪ ಮಾತ್ರೆಯಿಂದ ಎನ್ನುತ್ತಾನೆ, ಅಮ್ಮ ಮುಡಿಯಿಂದ ಎನ್ನುತ್ತಾಳೆ. ಎರಡೂ ಒಂದೇ ಕಾಲದಲ್ಲಿ ಆದದ್ದರಿಂದ ಯಾರಿಗೂ ತೀರ್ಪು ಕೊಡಲಾಗುತ್ತಿಲ್ಲ. ನಾನು ಮಾತ್ರೆ ಎಂದೇ ನಂಬುತ್ತೇನೆ. ಆದರೆ ಮಾತ್ರೆ ನುಂಗುವಾಗ ಆ ಗುಡ್ಡದ ಕಡೆ ಮನಸ್ಸು ಹೋಗುತ್ತದೆ. ಇದು ಕಾಯಿಲೆಯೋ, ನನ್ನ ಮೈಯ ರೀತಿಯೋ ಎಂದು ಕೇಳಿದರೆ ಅದಕ್ಕೂ ಉತ್ತರವಿಲ್ಲ. ಕನ್ನಡಿಯ ಮುಂದೆ ನಿಂತು ಗದ್ದ ಸವರಿಕೊಳ್ಳುವ ಹುಡುಗಿಯರು ಇದನ್ನು ಓದುತ್ತಿದ್ದರೆ, ನನಗೆ ಗೊತ್ತಿರುವುದು ಇಷ್ಟೇ: ಕರಟದ ಎಣ್ಣೆ ಹಚ್ಚಬೇಡಿ, ಮುಟ್ಟಿನ ವಿಷಯ ಮುಚ್ಚಿಡಬೇಡಿ, ತರಗತಿ ತಪ್ಪಿಸಬೇಡಿ.

ಡಿಗ್ರಿ ಪ್ರಮಾಣಪತ್ರ ಕೊಡುವ ದಿನ ಅಮ್ಮನನ್ನೂ ಕಾಲೇಜಿಗೆ ಕರೆದುಕೊಂಡು ಹೋಗಿದ್ದೆ. ಪ್ರಾಂಶುಪಾಲರು ಹೆಸರು ಕೂಗಿದರು. ಬರಿಮುಖದಲ್ಲಿ ಹೋಗಿ ತೆಗೆದುಕೊಂಡೆ. ವಿಮಲಾ ಮೇಡಂ ಚಪ್ಪಾಳೆ ಸ್ವಲ್ಪ ಹೆಚ್ಚೇ ತಟ್ಟಿದರು. ಕೆಳಗೆ ಬಂದು ಅದನ್ನು ಅಮ್ಮನ ಕೈಗೆ ಕೊಟ್ಟೆ. ಅವಳಿಗೆ ಓದು ಬರುವುದಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದಳು. ಯಾವುದು ನಿನ್ನ ಹೆಸರು ಎಂದು ಕೇಳಿದಳು, ತೋರಿಸಿದೆ. ಆ ಅಕ್ಷರಗಳ ಮೇಲೆ ಬೆರಳಿಟ್ಟಳು. ಆಮೇಲೆ ಕಾಗದವನ್ನು ತಿರುಗಿಸಿ ಹಿಂಭಾಗ ನೋಡಿದಳು, ಮತ್ತೆ ಮುಂಭಾಗ ನೋಡಿದಳು. ಏನನ್ನೋ ಹುಡುಕುತ್ತಿದ್ದಳು.

"ಏನಮ್ಮಾ?"

"ಅಲ್ಲ ಕಣೇ, ಇದ್ರಲ್ಲಿ ಎಲ್ಲೂ ನಿನ್ ಮಖಾನೇ ಹಾಕಿಲ್ವಲ್ಲೇ ಇವ್ರು!"